ಒಂದು ಹತ್ತರ ಊಟದ ಬೆಲ್ಲು

ಕಬ್ಬನ್‌ಪೇಟೆಯ ಓಣಿಯಲ್ಲಿ, ರಸ್ತೆಗಿಂತ
ಒಂಬತ್ತು ಮೆಟ್ಟಿಲು ಕೆಳಗೆ ನನ್ನ ಡಿಟಿಪಿ ಅಂಗಡಿ.
ಟವರಿನ ಕಡ್ಡಿಗಳು ನಾಲ್ಕನೇ ಮೆಟ್ಟಿಲ ತನಕ ಬಂದು
ಚಪ್ಪಲಿ ಬಿಡಲು ಸಂಕೋಚಪಡುವ ನೆಂಟರ ಹಾಗೆ
ಅಲ್ಲೇ ನಿಂತುಬಿಡುತ್ತವೆ.
ಕೆಳಗಿಳಿಯುವುದು ಮೇಲಿನ ಮನೆಯ ಮಗ್ಗದ ಸದ್ದು,
ಮತ್ತೆ, ಕಿಟಕಿಯ ತೂತಿನಿಂದ
ಕೇಬಲ್ಲಿನವನು ಎಳೆದುಕೊಟ್ಟ ನೀಲಿ ವೈರು.

ವೈರಿನ ತುದಿ ಲ್ಯಾಪ್‌ಟಾಪಿನ ಪಕ್ಕೆಯಲ್ಲಿ.
ಎಸ್.ಪಿ. ರೋಡಿನ ಸೆಕೆಂಡ್‌ಹ್ಯಾಂಡ್ ಮಾಲು,
'ಳ' ಬೇಕಾದರೆ ಎರಡು ಸಲ ಗುದ್ದಬೇಕು.
ಮೊದಲು ಯಾರೋ ಫಿಲೋಮಿನಾ ಎಂಬುವರದಿತ್ತು;
ಯಂತ್ರ ಕೊಟ್ಟರು, ಹೆಸರು ಒಳಗೇ ಮರೆತುಹೋದರು.

ಬೈಂಡಿಂಗಿನ ಕೆಂಪರಾಜುಗೆ ಕಿವಿ ಕೇಳದು, ಬಾಯಿ ಬಾರದು.
ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವ ಸಲೋಮಿಗೂ ಹಾಗೇ.
ಅವರು ಫೋನು ಮಾಡುವುದೆಂದರೆ
ಮುಖ ಕಾಣಬೇಕು, ಹತ್ತೂ ಬೆರಳು ಕಾಣಬೇಕು.
ಅವಳ ಊಟದ ಬೆಲ್ಲು ಒಂದು ಹತ್ತಕ್ಕೆ.
ಇವನು ರಸ್ತೆಗೆ ಓಡಿ, ಆಟೋಗಳ ನಡುವೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿ,
ಒಂದು ಕೈಯಲ್ಲಿ ಫೋನು ಹಿಡಿದು
ಉಳಿದ ಒಂದೇ ಕೈಯಲ್ಲಿ ಮಾತಾಡುತ್ತಿದ್ದ.
ಅರ್ಧ ಮಾತು. ಅವಳು ಏನಂತ ತಿಳಿದುಕೊಳ್ಳುತ್ತಿದ್ದಳೋ.

ಒಂದು ದಿನ ನಾನೇ ಸೆಟ್ಟಿಂಗಿನೊಳಗೆ ತಡಕಾಡಿ
ಒಂದು ಗುಂಡಿಯನ್ನು ಎಡದಿಂದ ಬಲಕ್ಕೆ ಜರುಗಿಸಿದೆ.
ಅವನ ಫೋನಿನಲ್ಲಿ 'ಫಿಲೋಮಿನಾ' ಎಂದು ಮೂಡಿತು.
ಪಾಸ್‌ವರ್ಡು ಎಂಟು ಅಂಕಿ. ಚೀಟಿಯಲ್ಲಿ ಬರೆಯಹೊರಟರೆ
ಬೇಡ ಎಂದು ತಡೆದು, ಬೆರಳಲ್ಲೇ ಹೇಳಿಸಿದ.
ನನ್ನ ಏಳು ಪ್ರತಿ ಸಲವೂ ಆರಾಗುತ್ತಿತ್ತು;
ಅವನು ನಕ್ಕ, ಬರೀ ಭುಜಗಳಿಂದ.

ಈಗ ಫೋನನ್ನು ಅಂಟಿನ ಡಬ್ಬಕ್ಕೆ ಒರಗಿಸುತ್ತಾನೆ.
ಎರಡೂ ಕೈ ಬಿಡುವು.
ಒಣಗಿದ ಮೈದಾ ಬೆರಳಿಂದ ಉದುರುತ್ತದೆ, ಮಾತಿನ ಜೊತೆಗೆ.
ನನ್ನ ಪಾಲಿನ ಕೆಲಸ ಸಣ್ಣದು:
ಐದು ನಿಮಿಷ ಮುಟ್ಟದಿದ್ದರೆ ಈ ಲ್ಯಾಪ್‌ಟಾಪು ನಿದ್ದೆಹೋಗುತ್ತದೆ,
ಅದು ಮಲಗಿದರೆ ಪೀಣ್ಯಕ್ಕೆ ಪೀಣ್ಯವೇ ಮುಳುಗುತ್ತದೆ.
ಬಲಗೈಯಲ್ಲಿ ಚಿತ್ರಾನ್ನ, ಎಡಗೈಯ ಕಿರುಬೆರಳಲ್ಲಿ
ಆಗಾಗ ಮೌಸನ್ನು ಕೊಂಚ ದೂಡುತ್ತೇನೆ.
ಅದನ್ನೂ ಸೆಟ್ಟಿಂಗಿನಲ್ಲಿ ಬದಲಿಸಬಹುದಂತೆ, ಕೇಬಲ್ಲಿನ ಹುಡುಗ ಹೇಳಿದ.
ಇರಲಿ ಬಿಡಪ್ಪ, ಅಂದೆ.

ಅಂಕಿಯಿಂದ ಶುರುವಾದದ್ದು ಅಲ್ಲಿಗೆ ನಿಲ್ಲಲಿಲ್ಲ.
ಊಟ ತಿಳಿಯಿತು, ನಾಳೆ ತಿಳಿಯಿತು,
ಸಂಬಳ, ಬಸ್ಸು, ನಿಮ್ಮಮ್ಮ.
ಒಂದು ಗುರುವಾರ ಅವಳು ಕೈ ಬೀಸಿದ ರಭಸಕ್ಕೆ
ತಟ್ಟೆಯಲ್ಲಿದ್ದ ನನ್ನ ಕಣ್ಣು ಮೇಲೆದ್ದಿತು.
ಬೇಡ. ನಿಮ್ಮಮ್ಮ. ಬೇಡ. ಬೇಡ.
ಇವನು ಅಂಗೈಗೆ ಅಂಗೈ ಬಡಿದ.
ಆ ಸದ್ದು ಅವರಿಬ್ಬರಿಗೂ ಕೇಳಲಿಲ್ಲ,
ನಾನೊಬ್ಬಳೇ ಕೇಳಿದೆ.

ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿದೆ.
ಯಾವುದೋ ನಾಮಕರಣದ ಕರಡನ್ನು ಹಿಡಿದು
ಮೂರು ಸಲ ಓದಿದೆ, ಮಗುವಿನ ಹೆಸರು ತಲೆಗೆ ಹೋಗಲಿಲ್ಲ.
ಮೌಸಿನ ಬಾಲ ಮೋಟು. ಬೆನ್ನ ಹಿಂದಕ್ಕೆ ಕೈ ಚಾಚಿ,
ನೋಡದೆಯೇ, ತಡವಿ, ದೂಡುತ್ತಿದ್ದೆ.

ಮಾರನೆಯ ದಿನವೂ ಒಂದು ಹತ್ತಕ್ಕೆ ಫೋನು ಒರಗಿಸಿದ.
ಅವಳು ಬಂದಳೋ ಇಲ್ಲವೋ ನಾನು ನೋಡಹೋಗಲಿಲ್ಲ.
ಎದ್ದು ನೀರು ಕುಡಿಯುವಾಗ ಪರದೆಯ ಮೂಲೆ ಕಣ್ಣಿಗೆ ಬಿತ್ತು, ಅಷ್ಟೆ:
ಒಂದು ಸಾಧನ ಸಂಪರ್ಕದಲ್ಲಿದೆ.

ಶನಿವಾರ ಹಾಳೆ ಮಡಿಸುತ್ತ ಅವನು ಹೇಳಿದ,
ಗೋಡೆ ನೋಡುತ್ತ ಉಣ್ಣುವ ಹೆಂಗಸು ಯಾರೆಂದು
ಸಲೋಮಿ ಕೇಳಿದಳಂತೆ.
ಬೋರ್ಡಿನ ಮೇಲೆ ನಾನು ವಾರಿಜ,
ಅವನ ಫೋನಿಗೆ ಈಗಲೂ ಫಿಲೋಮಿನಾ.
ಅವಳಿಗೆ ಏನೆಂದು ಹೇಳಿದೆ ಅಂದರೆ, ಮಾಡಿ ತೋರಿಸಿದ:
ತೋಳನ್ನು ಬೆನ್ನ ಹಿಂದೆ ಒಯ್ದು, ಕಿರುಬೆರಳು ಚಾಚಿ,
ಏನನ್ನೋ ಒಂದಿಷ್ಟು ದೂಡುವುದು.

ನನ್ನ ಹೆಸರು. ನಾನೂ ಮಾಡಿ ನೋಡಿದೆ.
ಹಾಗಲ್ಲ, ಎಂದು ತಲೆಯಾಡಿಸಿದ.
ಇನ್ನೂ ಮೆಲ್ಲಗೆ.